ಬೆಳ್ಳಗಾದ ಅನ್ನ: ಒಂದು ಧಾನ್ಯ, ಎರಡು ಕಾಯಿಲೆ

ಕನ್ನಡದಲ್ಲಿ 'ಅನ್ನ' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಬೇಯಿಸಿದ ಅಕ್ಕಿ ಎಂಬುದು ಒಂದು. ಆಹಾರ, ಜೀವನೋಪಾಯ ಎಂಬುದು ಇನ್ನೊಂದು. ಅನ್ನದ ಋಣ, ಅನ್ನದಾತ, ಅನ್ನಕ್ಕೆ ಕಲ್ಲು ಹಾಕುವುದು ಎಂದೆಲ್ಲ ನಾವು ಹೇಳುವಾಗ ಎರಡನೆಯ ಅರ್ಥವೇ ಮುಂದೆ ಬಂದು ನಿಲ್ಲುತ್ತದೆ. ಆದುದರಿಂದಲೇ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನ "ಅನ್ನ ಬಿಡಿ" ಎಂಬ ಮಾತು ಕಿವಿಗೆ ಬಿದ್ದರೆ ಅದು ಪಥ್ಯದ ಸೂಚನೆಗಿಂತ ಶಿಕ್ಷೆಯಂತೆ ಕೇಳಿಸುತ್ತದೆ. ಮುಂಬಯಿ, ಪುಣೆ, ದೆಹಲಿಗಳಲ್ಲಿ ದಶಕಗಟ್ಟಲೆ ಬದುಕಿದ ನಮ್ಮ ಹಿರಿಯರಿಗೆ ಆ ಮಾತು ಇನ್ನೂ ಭಾರ. ಬೀದಿಯ ಭಾಷೆ ಬೇರೆ, ಕಚೇರಿಯ ಭಾಷೆ ಬೇರೆ ಆದ ಮೇಲೂ ರಾತ್ರಿಯ ಅನ್ನ-ಸಾರು ಮಾತ್ರ ಊರಿನದಾಗಿಯೇ ಉಳಿದಿರುತ್ತದೆ.

ಈ ಶಿಕ್ಷೆಗೆ ಎದುರಾಗಿ ಮನೆಗಳಲ್ಲಿ ಒಂದು ವಾದ ಹುಟ್ಟುವುದುಂಟು. ಅಜ್ಜ ಮುತ್ತಜ್ಜಂದಿರು ಅನ್ನ ಉಂಡೇ ಗಟ್ಟಿಯಾಗಿ ಬಾಳಿದರು, ನಮಗೇಕೆ ಅದು ಒಗ್ಗದು ಎಂಬುದು ಆ ವಾದ. ಅನ್ನವೇ ವಿಷ ಎನ್ನುವವರೂ ಅನ್ನ ನಿರಪರಾಧಿ ಎನ್ನುವವರೂ ಒಂದು ವಿಷಯದಲ್ಲಿ ಒಂದೇ ಕಡೆಯವರು. ಅಂದಿನ ಅನ್ನವೂ ಇಂದಿನ ಅನ್ನವೂ ಒಂದೇ ಎಂದು ಇಬ್ಬರೂ ನಂಬಿದ್ದಾರೆ. ಕಳೆದ ನೂರೈವತ್ತು ವರ್ಷಗಳಲ್ಲಿ ಅಕ್ಕಿಯ ಮೈಬಣ್ಣ ಬದಲಾಗಿದೆ, ತಟ್ಟೆಯಲ್ಲಿ ಅದರ ಪಾಲು ಬದಲಾಗಿದೆ, ಉಣ್ಣುವವರ ದುಡಿಮೆಯೂ ಬದಲಾಗಿದೆ. ಅಲ್ಲದೆ ಬಿಳಿ ಅಕ್ಕಿ ರೋಗಕಾರಣವೆಂದು ವಿಚಾರಣೆಗೆ ಒಳಗಾಗುತ್ತಿರುವುದು ಇದು ಮೊದಲ ಸಲವೂ ಅಲ್ಲ. ಮೊದಲ ವಿಚಾರಣೆಯ ಕಥೆಯನ್ನು ತಿಳಿದುಕೊಂಡರೆ ಎರಡನೆಯದರಲ್ಲಿ ಎಲ್ಲಿ ಎಚ್ಚರದಿಂದಿರಬೇಕು ಎಂಬುದು ನಮಗೆ ಸ್ಪಷ್ಟವಾದೀತು.

ಹಬ್ಬದ ಅನ್ನ

ಕನ್ನಡ ನಾಡು ಒಂದೇ ಧಾನ್ಯದ ನಾಡಾಗಿರಲಿಲ್ಲ. ಕರಾವಳಿ, ಮಲೆನಾಡು ಮತ್ತು ಕಾಲುವೆ ನೀರಾವರಿಯ ಬಯಲುಗಳನ್ನು ಬಿಟ್ಟರೆ ಉಳಿದೆಡೆ ಅಕ್ಕಿ ನಿತ್ಯದ ಊಟವಾಗಿರಲಿಲ್ಲ. ಹಳೆಯ ಮೈಸೂರಿನ ಬಯಲುಸೀಮೆಯಲ್ಲಿ ರಾಗಿಮುದ್ದೆ, ಧಾರವಾಡ, ವಿಜಯಪುರ, ಕಲಬುರಗಿಗಳಲ್ಲಿ ಜೋಳದ ರೊಟ್ಟಿ, ಒಣಭೂಮಿಗಳಲ್ಲಿ ನವಣೆ, ಸಾಮೆ, ಸಜ್ಜೆ. ಇಲ್ಲೆಲ್ಲ ಅನ್ನವೆಂದರೆ ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ, ಕಾಯಿಲೆಯವರಿಗೆ. ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿ-ಪಲ್ಯ ಮುಗಿದ ಮೇಲೆ ಕೊನೆಗೆ ಒಂದಿಷ್ಟು ಅನ್ನ-ಸಾರು ಬರುವ ಕ್ರಮ ಇಂದಿಗೂ ಆ ಹಳೆಯ ಅಳತೆಯನ್ನು ಹೇಳುತ್ತದೆ.

ಅಪರೂಪವಾದುದು ಘನತೆಯನ್ನೂ ಪಡೆಯುತ್ತದೆ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯೂ ರಾಗಿಯೂ ಹೆಚ್ಚುಗಾರಿಕೆಗಾಗಿ ರಾಮನ ಸಭೆಯಲ್ಲಿ ವಾದಕ್ಕಿಳಿಯುವುದನ್ನು ನಾವೆಲ್ಲ ಬಲ್ಲೆವು. ಆರು ತಿಂಗಳ ಸೆರೆವಾಸದ ಬಳಿಕ ರಾಗಿಯೇ ಸತ್ವ ಉಳಿಸಿಕೊಂಡು ಗೆಲ್ಲುತ್ತದೆ. ಆ ಕಾವ್ಯವನ್ನು ಪೋಷಣಶಾಸ್ತ್ರದ ಪಾಠವಾಗಿ ಓದುವುದು ತಪ್ಪಾದೀತು. ಅದು ಮೇಲು ಕೀಳುಗಳ ಕಥೆ. ಅಕ್ಕಿಯನ್ನು ಉಳ್ಳವರ ಧಾನ್ಯವಾಗಿ, ರಾಗಿಯನ್ನು ಬಡವರ ಧಾನ್ಯವಾಗಿ ನೋಡುವ ದೃಷ್ಟಿ ಕನಕದಾಸರ ಕಾಲಕ್ಕೇ ಎಷ್ಟು ಬೇರೂರಿತ್ತು ಎಂಬುದಕ್ಕೆ ಅದು ಸಾಕ್ಷಿ. ಮುಂದೆ ಅಕ್ಕಿ ಅಗ್ಗವಾದಾಗ ಜನ ಅದರತ್ತ ಏಕೆ ಅಷ್ಟು ಬೇಗ ಸರಿದರು ಎಂಬ ಪ್ರಶ್ನೆಗೂ ಅಲ್ಲಿ ಅರ್ಧ ಉತ್ತರವಿದೆ.

ಇನ್ನು ಮಧುಮೇಹವೂ ಈ ನೆಲಕ್ಕೆ ಹೊಸತಲ್ಲ. ಚರಕಸಂಹಿತೆ ಇಪ್ಪತ್ತು ಬಗೆಯ ಪ್ರಮೇಹಗಳನ್ನು ಎಣಿಸುತ್ತದೆ. ಸದಾ ಕುಳಿತಿರುವ ಸುಖ, ಅತಿನಿದ್ರೆ, ಮೊಸರು, ಬೆಲ್ಲದ ತಿನಿಸುಗಳ ಜೊತೆಗೆ ಹೊಸ ಧಾನ್ಯದ ಊಟವನ್ನೂ ಅದು ಕಾರಣಗಳ ಸಾಲಿಗೆ ಸೇರಿಸಿದೆ. ರೋಗಿಗೆ ಮುಖ್ಯ ಆಹಾರವಾಗಿ ಜವೆಯನ್ನು ಹೇಳಿದೆ. ಹೊಟ್ಟೆ ತುಂಬ ಉಂಡು ಮೈ ದುಡಿಸದವರ ಕಾಯಿಲೆಯೆಂದೇ ಹಿಂದಿನವರು ಅದನ್ನು ಗುರುತಿಸಿದ್ದರು. 1907ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯೊಂದರಲ್ಲಿ ಉಷ್ಣವಲಯದ ಮಧುಮೇಹದ ಬಗ್ಗೆ ನಡೆದ ಚರ್ಚೆಯಲ್ಲೂ ಕಲ್ಕತ್ತೆಯ ಸ್ಥಿತಿವಂತ, ವಿದ್ಯಾವಂತ ವರ್ಗದ ಮಾತೇ ಮುಖ್ಯವಾಗಿತ್ತು. ಗದ್ದೆಯಲ್ಲಿ ಭತ್ತ ಬೆಳೆದು ಗಂಜಿ ಕುಡಿಯುತ್ತಿದ್ದವರು ಆ ಚಿತ್ರದಲ್ಲಿ ಕಾಣಿಸುವುದಿಲ್ಲ.

ಗಿರಣಿಯ ಬಿಳುಪು

ಒರಳು-ಒನಕೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ತೌಡು ಪೂರ್ತಿ ಹೋಗುತ್ತಿರಲಿಲ್ಲ. ತೋಳಿನ ಬಲಕ್ಕೆ ಒಂದು ಮಿತಿಯಿದೆ. ಸಿಪ್ಪೆ ಹಾರಿ ಅಕ್ಕಿ ಒಂದಿಷ್ಟು ಬೆಳ್ಳಗಾದರೆ ಕುಟ್ಟುವವರು ಕೈ ನಿಲ್ಲಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬರ್ಮಾ, ಸಿಯಾಂ, ಜಾವಾಗಳಲ್ಲಿ ಉಗಿಯಂತ್ರದ ಅಕ್ಕಿ ಗಿರಣಿಗಳು ಎದ್ದವು. ಯಂತ್ರಕ್ಕೆ ದಣಿವಿಲ್ಲ. ಅಕ್ಕಿಯ ಮೇಲಿನ ಕಂದು ಪೊರೆಯನ್ನೂ ಮೊಳಕೆಯ ಭಾಗವನ್ನೂ ಅದು ಪೂರ್ತಿಯಾಗಿ ಉಜ್ಜಿ ತೆಗೆಯಿತು. ಎಣ್ಣೆಯಂಶವಿರುವ ತೌಡು ಹೋದುದರಿಂದ ಅಂಥ ಅಕ್ಕಿ ಹಡಗಿನಲ್ಲಿ, ಗೋದಾಮಿನಲ್ಲಿ ಕೆಡದೆ ಹೆಚ್ಚು ಕಾಲ ಉಳಿಯುತ್ತಿತ್ತು. ನೋಡಲು ಮಲ್ಲಿಗೆಯಂತಿತ್ತು, ಬೇಯಿಸಲು ಸೌದೆಯೂ ಕಡಿಮೆ ಸಾಕಿತ್ತು. ವ್ಯಾಪಾರಿಗೂ ಸರ್ಕಾರಕ್ಕೂ ಮನೆಯೊಡತಿಗೂ ಅದು ಒಪ್ಪಿಗೆಯಾಯಿತು.

ಅದರ ಬೆನ್ನಲ್ಲೇ ಸೈನಿಕರ ಪಾಳೆಯಗಳಲ್ಲಿ, ಸೆರೆಮನೆಗಳಲ್ಲಿ, ಗಣಿ ಕಾರ್ಮಿಕರ ಬಿಡಾರಗಳಲ್ಲಿ ಬೆರಿಬೆರಿ ಹಬ್ಬಿತು. ಕಾಲು ಸೋತು, ಮೈ ಊದಿ, ಹೃದಯ ನಿಂತು ಜನ ಸತ್ತರು. ಸೋಂಕುರೋಗವಿರಬೇಕೆಂದು ಭಾವಿಸಿ ಕ್ರಿಮಿಯನ್ನು ಹುಡುಕಲು ಡಚ್ಚರ ಜಾವಾಕ್ಕೆ ಬಂದ ತಂಡದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ವೈದ್ಯನಿದ್ದ. ಬಟೇವಿಯದ, ಎಂದರೆ ಇಂದಿನ ಜಕಾರ್ತದ, ಸೈನಿಕ ಆಸ್ಪತ್ರೆಯ ಬಿಳಿ ಅನ್ನವನ್ನು ತಿಂದ ಅವನ ಕೋಳಿಗಳಿಗೆ ಕಾಲು ಸೋತಿತು. ತೌಡಿರುವ ಅಕ್ಕಿಯನ್ನು ತಿನ್ನಿಸಿದಾಗ ಅವು ಚೇತರಿಸಿಕೊಂಡವು. ಅವನ ಸ್ನೇಹಿತ ವೋರ್ಡರ್‌ಮನ್ ಜಾವಾದ ಸುಮಾರು ನೂರು ಸೆರೆಮನೆಗಳ ಲೆಕ್ಕ ತೆಗೆದ. ಬಿಳಿ ಅಕ್ಕಿಯ ಸೆರೆಮನೆಗಳಲ್ಲಿ ಸುಮಾರು 39 ಕೈದಿಗಳಿಗೆ ಒಬ್ಬನಂತೆ ಬೆರಿಬೆರಿ. ತೌಡಿರುವ ಅಕ್ಕಿಯ ಸೆರೆಮನೆಗಳಲ್ಲಿ ಸುಮಾರು 10,000ಕ್ಕೆ ಒಬ್ಬ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಇಷ್ಟೆಲ್ಲ ಕಂಡ ಐಕ್‌ಮನ್ ಮೊದಲು ತೆಗೆದ ತೀರ್ಮಾನ ತಪ್ಪಾಗಿತ್ತು. ಅಕ್ಕಿಯ ಪಿಷ್ಟದಲ್ಲಿ ಏನೋ ವಿಷವಿದೆ, ತೌಡು ಅದಕ್ಕೆ ಮದ್ದು ಎಂದು ಅವನು ತಿಳಿದ. 1901ರಲ್ಲಿ ಅವನ ಸ್ಥಾನಕ್ಕೆ ಬಂದ ಗ್ರೈನ್ಸ್ ಅದನ್ನು ತಿದ್ದಿದ: ಅನ್ನದಲ್ಲಿ ವಿಷವೇನೂ ಇಲ್ಲ, ದೇಹಕ್ಕೆ ಬೇಕಾದ ಏನೋ ಒಂದು ಅದರಿಂದ ಹೋಗಿದೆ. ಆ 'ಏನೋ ಒಂದು' ಮುಂದೆ ಬಿ1 ಜೀವಸತ್ವವೆಂದು ತಿಳಿಯಿತು. 1926ರಲ್ಲಿ ಬಟೇವಿಯದಲ್ಲೇ ಅದನ್ನು ಬೇರ್ಪಡಿಸಿದರು. 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ರಸಾಯನಶಾಸ್ತ್ರಜ್ಞ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ, ಪಾದ್ರಿಗಳ ಮಗನಾಗಿ.

ಕುಚ್ಚಲಕ್ಕಿಯ ಸಾಕ್ಷ್ಯ

ಈ ವಿಚಾರಣೆಯಲ್ಲಿ ದಕ್ಷಿಣ ಭಾರತದ ಒಂದು ಹಳೆಯ ಪದ್ಧತಿ ದೊಡ್ಡ ಸಾಕ್ಷ್ಯವಾಯಿತು. ಬ್ರಿಟಿಷ್ ಮಲಯದ ಗಣಿಗಳಲ್ಲಿ ಸಿಯಾಮಿನ ಬಿಳಿ ಅಕ್ಕಿ ಉಣ್ಣುತ್ತಿದ್ದ ಚೀನೀ ಕಾರ್ಮಿಕರು ಬೆರಿಬೆರಿಯಿಂದ ಸಾಯುತ್ತಿದ್ದಾಗ ಅಲ್ಲೇ ತೋಟಗಳಲ್ಲಿ ದುಡಿಯುತ್ತಿದ್ದ ತಮಿಳರಿಗೆ ಆ ರೋಗ ತಟ್ಟಿರಲಿಲ್ಲ. ಅವರು ಊರಿನ ರೂಢಿಯಂತೆ ಕುಚ್ಚಲಕ್ಕಿ ಉಣ್ಣುತ್ತಿದ್ದರು ಎಂಬುದನ್ನು ಬ್ರ್ಯಾಡನ್ ಎಂಬ ವೈದ್ಯ 1907ರಲ್ಲಿ ಬರೆದ. 1909ರ ಹೊತ್ತಿಗೆ ಫ್ರೇಸರ್ ಮತ್ತು ಸ್ಟಾಂಟನ್ ಎಂಬಿಬ್ಬರು ಕಾಡಿನಲ್ಲಿ ರಸ್ತೆ ಕಡಿಯುತ್ತಿದ್ದ ಸುಮಾರು 300 ಕೂಲಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಳ್ತಿಗೆ ಅಕ್ಕಿ, ಇನ್ನೊಂದಕ್ಕೆ ಕುಚ್ಚಲಕ್ಕಿ ಕೊಟ್ಟು ಅದನ್ನೇ ಖಚಿತಪಡಿಸಿದರು.

ಭತ್ತವನ್ನು ಸಿಪ್ಪೆಯ ಸಮೇತ ನೆನೆಹಾಕಿ, ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿದರೆ ತೌಡಿನಲ್ಲಿರುವ ಜೀವಸತ್ವದ ಒಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ. ಬಳಿಕ ಗಿರಣಿಯಲ್ಲಿ ಉಜ್ಜಿದರೂ ಅದು ಪೂರ್ತಿ ಹೋಗದು. ದಕ್ಷಿಣ ಕನ್ನಡ, ಕೇರಳ, ತಮಿಳುನಾಡುಗಳ ಜನ ಕಾರಣ ತಿಳಿಯದೆಯೇ ಶತಮಾನಗಳಿಂದ ಇದನ್ನು ಮಾಡುತ್ತಿದ್ದರು. ಹಾಗೆ ಮಾಡಿದರೆ ಅಕ್ಕಿ ನುಚ್ಚಾಗುವುದಿಲ್ಲ, ಮಳೆಗಾಲದಲ್ಲಿ ಹುಳು ಹಿಡಿಯುವುದು ಕಡಿಮೆ ಎಂಬ ಅನುಭವವೇ ಅವರಿಗೆ ಸಾಕಾಗಿತ್ತು.

1918ರ ಹೊತ್ತಿಗೆ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿಯ ಶೋಧನೆಯನ್ನು ಆರಂಭಿಸಿದರು. ಒಂದು ಕೋಣೆಯಲ್ಲಿ ತೊಡಗಿದ ಆ ಕೆಲಸವೇ ಪೋಷಣ ಸಂಶೋಧನಾಲಯವಾಗಿ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂದು, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆ ಎನ್ನಿಸಿಕೊಂಡಿದೆ. ಮೆಕ್ಯಾರಿಸನ್ನರ ಒಂದು ಪ್ರಯೋಗ ಪ್ರಸಿದ್ಧ. ಭಾರತದ ಬೇರೆ ಬೇರೆ ಪ್ರಾಂತ್ಯಗಳ ಊಟವನ್ನು ಇಲಿಗಳ ಗುಂಪುಗಳಿಗೆ ತಿನ್ನಿಸಿದಾಗ ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಗಳಿದ್ದ ಸಿಖ್ಖರ ಊಟ ತಿಂದವು ಚೆನ್ನಾಗಿ ಬೆಳೆದವು. ಬಿಳಿ ಅಕ್ಕಿಯೇ ಪ್ರಧಾನವಾಗಿದ್ದ ಮದ್ರಾಸಿನ ಊಟ ತಿಂದವು ಬಡವಾದವು. ಇದನ್ನು ಗೋಧಿಯ ಗೆಲುವು, ಅಕ್ಕಿಯ ಸೋಲು ಎಂದು ಹೇಳಿಕೊಂಡವರು ಬಹಳ. ಆ ಎರಡು ತಟ್ಟೆಗಳ ವ್ಯತ್ಯಾಸ ಧಾನ್ಯವೊಂದೇ ಆಗಿರಲಿಲ್ಲ. ಒಂದರಲ್ಲಿ ಹಾಲು, ಬೇಳೆ, ಸೊಪ್ಪುಗಳಿದ್ದವು. ಇನ್ನೊಂದರಲ್ಲಿ ಅನ್ನ ಬಹುಮಟ್ಟಿಗೆ ಒಂಟಿಯಾಗಿತ್ತು. ಈ ಸೂಕ್ಷ್ಮವನ್ನು ನಾವು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಭಾರತದಲ್ಲಿ ಬೆರಿಬೆರಿ ಮುಖ್ಯವಾಗಿ ಕಂಡುಬಂದದ್ದು ಮದ್ರಾಸ್ ಪ್ರಾಂತ್ಯದ ಉತ್ತರ ಭಾಗದ ತೆಲುಗು ಕರಾವಳಿಯಲ್ಲಿ. ಅಲ್ಲಿ ಕುದಿಸದ ಭತ್ತದಿಂದ ಮಾಡಿದ ಗಿರಣಿಯ ಅಕ್ಕಿ ಬಳಕೆಯಲ್ಲಿತ್ತು. ಮೆಕ್ಯಾರಿಸನ್ನರ ಬಳಿಕ ಕೂನೂರಿಗೆ ಬಂದ ಐಕ್ರಾಯ್ಡ್ ಅಕ್ಕಿಯನ್ನು ಅತಿಯಾಗಿ ತೊಳೆಯಬಾರದು, ಗಂಜಿ ಬಸಿದು ಚೆಲ್ಲಬಾರದು ಎಂದು ಎಚ್ಚರಿಸಿದರು. 1934ರ ಕೊನೆಯಲ್ಲಿ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಮೂಲಕ ಗಾಂಧೀಜಿ ಕೊಟ್ಟಣದ ಅಕ್ಕಿಯ ಪರವಾಗಿ ನಿಂತರು. ಆರೋಗ್ಯದ ಜೊತೆಗೆ, ಭತ್ತ ಕುಟ್ಟಿ ಬದುಕುವ ಹೆಂಗಸರ ಕೂಲಿಯೂ ಅವರ ಮನಸ್ಸಿನಲ್ಲಿತ್ತು. ಆ ಕೂಲಿ ಎಂಥ ಮೈಮುರಿಯುವ ದುಡಿಮೆಯಿಂದ ಬರುತ್ತಿತ್ತು ಎಂಬುದನ್ನೂ ನಾವು ಮರೆಯಬಾರದು. ಒನಕೆಯ ಕಾಲ ಚೆನ್ನಾಗಿತ್ತು ಎಂದು ಹೇಳುವುದು ಒನಕೆ ಹಿಡಿಯದವರಿಗೆ ಸುಲಭ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ ಕುಚ್ಚಲಕ್ಕಿಯನ್ನು ವಾಸನೆಯಿಲ್ಲದಂತೆ ಬಿಸಿನೀರಿನಲ್ಲಿ ಬೇಗ ನೆನೆಸುವ ವಿಧಾನವನ್ನು ರೂಪಿಸಿ ಗಿರಣಿಗಳಿಗೆ ಕೊಟ್ಟಿತು. ಊಟ ಸುಧಾರಿಸಿದಂತೆ ಬೆರಿಬೆರಿ ಮರೆಗೆ ಸರಿಯಿತು. ಮೊದಲ ವಿಚಾರಣೆ ಅಲ್ಲಿಗೆ ಮುಗಿಯಿತು.

ಎರಡನೆಯ ಕಾಯಿಲೆ

ಹಬ್ಬದ ಅನ್ನ ನಿತ್ಯದ ಅನ್ನವಾದದ್ದು ಇದರ ನಂತರದ ಕಥೆ. 1943ರಿಂದ ಮುಂಬಯಿಯಂಥ ನಗರಗಳಲ್ಲಿ ಪಡಿತರ ಬಂತು. ಅಣೆಕಟ್ಟು, ಕಾಲುವೆಗಳು ಬಂದವು. 1966ರಲ್ಲಿ ಐ.ಆರ್. 8 ಎಂಬ ಗಿಡ್ಡ ತಳಿ ಬಂದ ಮೇಲೆ ಇಳುವರಿ ಏರಿತು. ನ್ಯಾಯಬೆಲೆ ಅಂಗಡಿಯಲ್ಲಿ ಸಿಗುವುದು ಅಕ್ಕಿ ಎಂದಾದಾಗ ಬಯಲುಸೀಮೆಯ ರಾಗಿ, ಜೋಳ, ನವಣೆಗಳು ಹಿಂದೆ ಸರಿದವು. ಇದನ್ನು ಬರಿಯ ನಷ್ಟವೆಂದು ಹಳಿಯುವುದು ನ್ಯಾಯವಲ್ಲ. ಬರಗಾಲದ ನೆನಪಿದ್ದ ಜನಕ್ಕೆ ದಿನವೂ ಅನ್ನ ಉಣ್ಣುವುದು ಘನತೆಯ ವಿಷಯವಾಗಿತ್ತು. ಹಸಿವು ತಗ್ಗಿತು. ಅದೇ ಕಾಲದಲ್ಲಿ ದುಡಿಮೆಯ ಬಗೆಯೂ ಬದಲಾಯಿತು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವರ ಮೊಮ್ಮಕ್ಕಳು ಬ್ಯಾಂಕಿನಲ್ಲಿ, ಕಾರ್ಖಾನೆಯ ಕಚೇರಿಯಲ್ಲಿ, ಕಂಪ್ಯೂಟರಿನ ಮುಂದೆ ಕುಳಿತರು. ಅನ್ನದ ರಾಶಿ ಮಾತ್ರ ಗದ್ದೆಯವರ ಅಳತೆಯದೇ ಆಗಿ ಉಳಿಯಿತು. ಅದರ ಸುತ್ತಲಿನ ಹುರುಳಿ, ಸೊಪ್ಪು, ಮೊಳಕೆಕಾಳುಗಳು ಕಡಿಮೆಯಾದವು.

ಮಧುಮೇಹಿಗಳ ಊಟದ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಎದುರಿಸಿದ ಊರುಗಳಲ್ಲಿ ಮದ್ರಾಸ್ ಒಂದು. 1948ರಲ್ಲಿ ಅಲ್ಲಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಡಾ. ಎಂ. ವಿಶ್ವನಾಥನ್ ಮಧುಮೇಹಕ್ಕೆಂದೇ ಚಿಕಿತ್ಸಾಲಯವನ್ನು ತೆರೆದರು. ಇನ್ಸುಲಿನ್‌ಗೆ ಮುಂಚಿನ ಪಾಶ್ಚಾತ್ಯ ಪಥ್ಯವೆಂದರೆ ಬಹುಮಟ್ಟಿಗೆ ಉಪವಾಸ. ಆಮೇಲಿನ ಪಥ್ಯಗಳೂ ಮಾಂಸ, ಮೊಟ್ಟೆ, ಬ್ರೆಡ್ಡಿನ ಲೆಕ್ಕದವು. ಧಾನ್ಯವೇ ಊಟವಾದ ಜನಕ್ಕೆ ಅವು ಹೊಂದುವುದಿಲ್ಲವೆಂದು ಕಂಡ ವಿಶ್ವನಾಥನ್, ಧಾನ್ಯವನ್ನು ಪೂರ್ತಿ ನಿಷೇಧಿಸದೆ ನಾರಿನ ಅಂಶವನ್ನು ಹೆಚ್ಚಿಸುವ ಪಥ್ಯವನ್ನು ರೂಪಿಸಿದರು.

1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಗ್ಲೈಸೀಮಿಕ್ ಸೂಚ್ಯಂಕವೆಂಬ ಅಳತೆಯನ್ನು ಕೊಟ್ಟರು. ಒಂದು ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬುದನ್ನು ಗ್ಲೂಕೋಸನ್ನು 100 ಎಂದಿಟ್ಟುಕೊಂಡು ಅದು ಹೇಳುತ್ತದೆ. 55ರವರೆಗೆ ಕಡಿಮೆ, 70 ಮತ್ತು ಅದಕ್ಕಿಂತ ಮೇಲಿನದು ಹೆಚ್ಚು. 2012ರಲ್ಲಿ ಚೆನ್ನೈನ ಸಂಶೋಧಕರು ಮೂರು ಅಕ್ಕಿಗಳನ್ನು ಹೀಗೆ ಅಳೆದರು: ಸೋನಾ ಮಸೂರಿ, ಪೊನ್ನಿ, ಸುರತಿ ಕೋಲಂ. ಹೈದರಾಬಾದಿನ, ಚೆನ್ನೈನ, ಮುಂಬಯಿಯ ಕನ್ನಡ ಮನೆಗಳ ಡಬ್ಬಗಳಲ್ಲಿ ಇರುವುದು ಬಹುತೇಕ ಇವೇ. ಮೂರೂ 70ರ ಗಡಿಯನ್ನು ದಾಟಿದ್ದವು. ತಳಿಯ ಹೆಸರು ಬದಲಿಸಿ ನೆಮ್ಮದಿ ಪಡೆಯುವ ದಾರಿ ಅಲ್ಲಿಗೆ ಮುಚ್ಚಿತು.

2014ರಲ್ಲಿ ಅದೇ ಊರಿನ ಇನ್ನೊಂದು ಪ್ರಯೋಗದಲ್ಲಿ ಬಿಳಿ ಅಕ್ಕಿಯ ಬದಲು ತೌಡುಳ್ಳ ಅಕ್ಕಿಯನ್ನು ಕೊಟ್ಟಾಗ ಇಡೀ ದಿನದ ಸಕ್ಕರೆಯ ಏರಿಕೆ ಸುಮಾರು ಶೇ. 20ರಷ್ಟು ತಗ್ಗಿತು, ಜೊತೆಗೆ ಕಾಳುಗಳನ್ನು ಸೇರಿಸಿದಾಗ ಇನ್ನೂ ಸ್ವಲ್ಪ ತಗ್ಗಿತು. 2020ರಲ್ಲಿ ಪ್ರಕಟವಾದ, 21 ದೇಶಗಳ 1,32,373 ಮಂದಿಯನ್ನು ಸರಾಸರಿ ಒಂಬತ್ತೂವರೆ ವರ್ಷ ಗಮನಿಸಿದ ಅಧ್ಯಯನದಲ್ಲಿ ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಬಿಳಿ ಅನ್ನ ಉಣ್ಣುವವರಿಗೆ, 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ, ಮಧುಮೇಹದ ಅಪಾಯ ಹೆಚ್ಚೆಂದು ಕಂಡಿತು. ಆ ಹೆಚ್ಚಳ ದಕ್ಷಿಣ ಏಷ್ಯಾದಲ್ಲಿ ಶೇ. 61ರಷ್ಟಿತ್ತು, ಅನ್ನವನ್ನೇ ಉಣ್ಣುವ ಚೀನಾದಲ್ಲಿ ಅಂಥ ಸ್ಪಷ್ಟ ಸಂಬಂಧ ಕಾಣಲಿಲ್ಲ. ಧಾನ್ಯ ಒಂದೇ ಆದರೂ ಪರಿಣಾಮ ಬೇರೆ. 2023ರ ವರದಿಯಂತೆ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಗೋಧಿ ಉಣ್ಣುವ ಉತ್ತರದ ರಾಜ್ಯಗಳೂ ಇದರಿಂದ ಹೊರತಾಗಿಲ್ಲ.

ಹೋಲಿಕೆ ಎಲ್ಲಿ ನಿಲ್ಲುತ್ತದೆ

ಮೊದಲ ವಿಚಾರಣೆಯ ನೆನಪಿರುವವರಿಗೆ ಇಲ್ಲಿ ಒಂದು ಆಸೆ ಹುಟ್ಟುವುದು ಸಹಜ. ಅಂದು ತೌಡನ್ನು ಮರಳಿಸಿದಂತೆ ಇಂದೂ ಕೆಂಪಕ್ಕಿಗೆ, ಕುಚ್ಚಲಕ್ಕಿಗೆ, ಸಿರಿಧಾನ್ಯಕ್ಕೆ ಮರಳಿದರೆ ಮುಗಿಯಿತಲ್ಲವೇ? ಮಾರುಕಟ್ಟೆ ಈ ಆಸೆಯನ್ನು ಚೆನ್ನಾಗಿ ಬಲ್ಲದು. 'ಮಧುಮೇಹಿಗಳಿಗಾಗಿ' ಎಂದು ಬರೆದ ಅಕ್ಕಿಯ ಚೀಲಗಳು ದುಪ್ಪಟ್ಟು ಬೆಲೆಗೆ ಮಾರಾಟವಾಗುವುದು ಇದರಿಂದಲೇ.

ಆದರೆ ಎರಡು ಕಾಯಿಲೆಗಳ ಸ್ವಭಾವ ಬೇರೆ. ಬೆರಿಬೆರಿ ಕೊರತೆಯ ಕಾಯಿಲೆ. ಮಿಲಿಗ್ರಾಂ ಲೆಕ್ಕದ ಒಂದು ವಸ್ತುವನ್ನು ಮರಳಿಸಿದರೆ ಅದು ವಾಸಿಯಾಗುತ್ತದೆ. ಮಧುಮೇಹದಲ್ಲಿ ಅನ್ನದ ಪಾತ್ರ ಹೊರೆಯದು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದೆ. ಕೆಂಪಕ್ಕಿಯಲ್ಲಿ ಅದಕ್ಕಿಂತ ತುಸು ಕಡಿಮೆ, ಅಷ್ಟೆ. ರಾಗಿಯಲ್ಲೂ ಗೋಧಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ತೌಡು ಆ ಹೊರೆ ರಕ್ತಕ್ಕಿಳಿಯುವುದನ್ನು ನಿಧಾನಿಸುತ್ತದೆ, ಹೊರೆಯನ್ನು ಇಲ್ಲವಾಗಿಸುವುದಿಲ್ಲ. 2025ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದು ನಮ್ಮ ಊಟದ ಶಕ್ತಿಯಲ್ಲಿ ಸುಮಾರು ಶೇ. 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತಿದೆ ಎಂದು ತೋರಿಸಿತು. ಬಿಳಿ ಧಾನ್ಯದ ಜಾಗಕ್ಕೆ ಇಡಿಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದ ಮಾತ್ರಕ್ಕೆ ಅಪಾಯ ತಗ್ಗಿದ್ದು ಕಾಣಲಿಲ್ಲ. ಆ ಪಾಲಿನ ಸ್ವಲ್ಪ ಭಾಗ ಬೇಳೆಕಾಳು, ಹಾಲು-ಮೊಸರು, ಮೊಟ್ಟೆ, ಮೀನುಗಳ ಪ್ರೋಟೀನಿಗೆ ಸರಿದಲ್ಲಿ ಅಪಾಯ ಕಡಿಮೆಯಿರುವುದು ಕಂಡಿತು. "ಅನ್ನ ಬಿಟ್ಟು ಚಪಾತಿ ಹಿಡಿಯಿರಿ" ಎಂಬ ಉಪದೇಶ ಅರೆಬರೆಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಊರಿನ ಸಾರನ್ನು ಬಿಟ್ಟು ರಾತ್ರಿ ಐದು ಚಪಾತಿ ಉಣ್ಣುವ ಹಿರಿಯರು ತ್ಯಾಗವನ್ನೂ ಮಾಡಿರುತ್ತಾರೆ, ಲಾಭವನ್ನೂ ಕಳೆದುಕೊಂಡಿರುತ್ತಾರೆ.

ಅಂದು ಅಕ್ಕಿಯಿಂದ ಹೋದದ್ದನ್ನು ಮರಳಿಸಿದರೆ ಸಾಕಾಗಿತ್ತು. ಇಂದು ತಟ್ಟೆಯಿಂದ ಹೋದದ್ದನ್ನು ಮರಳಿಸಬೇಕಾಗಿದೆ. ಮೆಕ್ಯಾರಿಸನ್ನರ ಇಲಿಗಳ ಕಥೆಯ ಮರೆತ ಅರ್ಧ ಇದೇ.

ಎಲೆಯ ಮೇಲಿನ ಪಾಲು

ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ಅಡುಗೆಯಲ್ಲೇ ಇದೆ. ಬಾಳೆಎಲೆಯ ಊಟದಲ್ಲಿ ಅನ್ನಕ್ಕೆ ಮುಂಚೆ ಕೋಸಂಬರಿ, ಪಲ್ಯಗಳು ಬರುತ್ತವೆ. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಎಂದು 2015ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಚಿಕ್ಕ ಅಧ್ಯಯನ ತೋರಿಸಿದೆ. ಕ್ರಮ ನಮ್ಮಲ್ಲಿದೆ, ಅಳತೆ ಇಲ್ಲ. ಹೆಸರುಬೇಳೆಯ ಕೋಸಂಬರಿ ಎಲೆಯ ತುದಿಯಲ್ಲಿ ಒಂದು ಚಮಚ, ಅನ್ನ ಮಧ್ಯದಲ್ಲಿ ರಾಶಿ. ಈ ಪಾಲುಗಳನ್ನು ಅದಲುಬದಲು ಮಾಡುವುದೇ ಮಾಡಬೇಕಾದ ಕೆಲಸ. ಕೋಸಂಬರಿ, ಉಸಲಿ, ಸೊಪ್ಪಿನ ಪಲ್ಯಗಳು ಬಟ್ಟಲು ತುಂಬ ಬರಲಿ; ಹುಳಿ ಬೇಳೆಯಿಂದ ಗಟ್ಟಿಯಾಗಲಿ, ಬಸ್ಸಾರಿನ ಕಾಳು ಸಾರಿನಷ್ಟೇ ಮುಖ್ಯವಾಗಲಿ. ಅನ್ನ ಒಂದು ಸಣ್ಣ ಬಟ್ಟಲಿಗೆ ಇಳಿಯಲಿ, ಸಾಧ್ಯವಿದ್ದರೆ ಕುಚ್ಚಲಕ್ಕಿಯದೋ ತೌಡುಳ್ಳ ಅಕ್ಕಿಯದೋ ಆಗಲಿ. ಮೀನು, ಮೊಟ್ಟೆ ಉಣ್ಣುವ ಮನೆಗಳಿಗೆ ದಾರಿ ಇನ್ನೂ ಸುಲಭ. ಊಟದ ಬಳಿಕ ಹತ್ತು-ಹದಿನೈದು ನಿಮಿಷದ ನಡಿಗೆ, ಗದ್ದೆಯ ದುಡಿಮೆಗೆ ಸಮನಲ್ಲವಾದರೂ, ಅದರ ನೆನಪನ್ನು ದೇಹಕ್ಕೆ ತರುತ್ತದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಲೇ ಇಳಿಸಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಅವರು ತಮ್ಮ ವೈದ್ಯರಿಗೆ ಹೇಳಿಯೇ ಹೀಗೆ ಮಾಡಬೇಕು.

ನೂರು ಗ್ರಾಂ ಬೇಳೆ ನೂರು ಗ್ರಾಂ ಪಡಿತರದ ಅಕ್ಕಿಗಿಂತ ಎಷ್ಟೋ ಪಟ್ಟು ದುಬಾರಿ ಎಂಬುದನ್ನು ಹೇಳದೆ ಈ ಮಾತು ಮುಗಿಯದು. ಹಿಂದೆ ಉಳ್ಳವರದಾಗಿದ್ದ ಕಾಯಿಲೆ ಇಂದು ಮನೆಗೆಲಸದವರಿಗೂ ಕಾವಲುಗಾರರಿಗೂ ಬಂದಿದೆ. ಅವರ ತಟ್ಟೆಗೆ ಬೇಳೆಯನ್ನು ತಲುಪಿಸುವುದು ಉಪದೇಶದಿಂದ ಆಗುವ ಕೆಲಸವಲ್ಲ; ಅದು ಕೃಷಿಯ, ಪಡಿತರದ, ಬೆಲೆಯ ಪ್ರಶ್ನೆ. ಕೂನೂರಿನ ಆ ಕೋಣೆಯಲ್ಲಿ ತೊಡಗಿದ ಶೋಧನೆ ಜನರ ಊಟಕ್ಕೆ ಉಪಯೋಗವಾದದ್ದು ಗಿರಣಿ, ಸರ್ಕಾರ, ಪ್ರಯೋಗಾಲಯಗಳು ಒಟ್ಟಿಗೆ ಅದನ್ನು ಕೈಗೆತ್ತಿಕೊಂಡಾಗ. ನಮ್ಮ ಮನೆಗಳಲ್ಲಾದರೋ ಅಷ್ಟು ಕಾಯಬೇಕಾಗಿಲ್ಲ. ಸಕ್ಕರೆ ಕಾಯಿಲೆಯ ಹಿರಿಯರನ್ನು ಅನ್ನ ಬಿಟ್ಟಿರಾ ಎಂದು ಗದರಿಸುವ ಬದಲು, ಅವರ ಅನ್ನದ ಜೊತೆಗೆ ಇಂದು ಏನು ಬಡಿಸಿದ್ದೇವೆ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬಹುದು.